ಹುಲಗೇಶನ ಪೆಟ್ಟಿಗೆಯ ಹವಾಮಾನ

ಗೋಪನಕೊಪ್ಪದ ಹುಲಗೇಶನಿಗೆ ಆ ಫೆಬ್ರುವರಿಯಲ್ಲಿ ಜಗತ್ತಿನ ಮೇಲಿದ್ದ ದೂರು ಒಂದೇ: ಗಾಳಿಯಲ್ಲಿ ಪಸೆಯಿಲ್ಲ.

ಕಾರಣ, ಹನ್ನೊಂದು ಮೊಟ್ಟೆಗಳು. ಪಕ್ಕದ ಮನೆಯ ಹಾಜರಾಬಿಯ ಜವಾರಿ ಕೋಳಿ ಕಾವಿಗೆ ಕೂತ ದಿನವೇ ಬೀದಿನಾಯಿಯ ಪಾಲಾಗಿತ್ತು. ಅವಳು ಏಳು ವರ್ಷದಿಂದ ಸಾಕಿಕೊಂಡು ಬಂದ ಆ ತಳಿಯಲ್ಲಿ ಉಳಿದದ್ದು ಇವಿಷ್ಟೇ. ಸೆರಗಿನಲ್ಲಿ ಮೊಟ್ಟೆ ಕಟ್ಟಿಕೊಂಡು ಅಳುತ್ತಿದ್ದವಳನ್ನು ಕಂಡು ಹುಲಗೇಶ, ಮರಿ ಮಾಡಿಸಿಕೊಡುತ್ತೇನೆಂದು ಮಾತು ಕೊಟ್ಟೇಬಿಟ್ಟ. ಕಾಲೇಜಿನ ಪ್ರಯೋಗಾಲಯದಲ್ಲಿ ಇಪ್ಪತ್ತು ವರ್ಷ ಗಾಜಿನ ನಳಿಕೆ ತೊಳೆದವನಿಗೆ (ಅಂದರೆ, ಅವನ ಲೆಕ್ಕದಲ್ಲಿ ಅರ್ಧ ವಿಜ್ಞಾನಿಗೆ) ಇದೇನು ಮಹಾ!

ಥರ್ಮಾಕೋಲ್ ಪೆಟ್ಟಿಗೆ, ಬಲ್ಬು, ನೀರಿನ ತಟ್ಟೆ, ತೇವಾಂಶ ತೋರಿಸುವ ಮೀಟರು ಎಲ್ಲ ಸೇರಿ ಅಡುಗೆಮನೆಯ ಮೂಲೆಯಲ್ಲಿ ಮರಿ ಮಾಡಿಸುವ ಕೇಂದ್ರ ಸ್ಥಾಪನೆಯಾಯಿತು. ಹದಿನೆಂಟು ದಿನ ತೇವಾಂಶ ಐವತ್ತಿದ್ದರೆ ಸಾಕು. ಕೊನೆಯ ಮೂರು ದಿನ ಮಾತ್ರ ಅರವತ್ತೈದು ದಾಟಲೇಬೇಕು, ಇಲ್ಲದಿದ್ದರೆ ಒಳಪೊರೆ ಒಣಗಿ ಮರಿ ಚಿಪ್ಪಿನಲ್ಲೇ ಸಿಕ್ಕಿಕೊಂಡು ಸಾಯುತ್ತದೆ ಎಂದು ಮನೆಮಂದಿಗೆಲ್ಲ ಪಾಠವಾಯಿತು. ಆ ಮೂರು ದಿನ ಮುಚ್ಚಳ ತೆಗೆಯುವುದು ರಾಜದ್ರೋಹ. ನೀರು ಹಾಕುವುದು ಪಕ್ಕದ ಕಿಂಡಿಯಿಂದ. ಗಾಳಿ ಒಣಗೀತೆಂದು ಫ್ಯಾನ್ ಬಂದ್.

"ಮದುವ್ಯಾಗಿ ಹದಿನಾರು ವರ್ಷ ಆತು, ನನಗ ಶೆಕಿ ಆಗೇತೇನಂತ ಒಂದಿನಾ ಕೇಳಿಲ್ರಿ. ತತ್ತಿಗೆ ತಾಸಿಗೊಮ್ಮೆ ಕೇಳ್ತೀರಿ," ಎಂದಳು ಹೆಂಡತಿ ಮಾಯಾ, ಬೆವರು ಒರೆಸಿಕೊಳ್ಳುತ್ತ.

ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಮೀಟರು ನಲವತ್ತೆಂಟಕ್ಕೆ ಕೂತದ್ದು ಏಳಲೇ ಇಲ್ಲ. ಇನ್ನೊಂದು ತಟ್ಟೆ ನೀರಿಟ್ಟ. ಐವತ್ತೆರಡು. ಹುಲಗೇಶನಿಗೆ ಅನ್ನ ಸೇರಲಿಲ್ಲ, ಹಾಜರಾಬಿಯ ಧ್ವನಿ ಕೇಳಿದರೆ ಹಿತ್ತಲಿಗೆ ಓಡಿದ. ಕೊನೆಗೆ ಒಂದು ಒದ್ದೆ ಸ್ಪಂಜನ್ನು ಓರೆಯಾಗಿ ತುರುಕಿ, ದೇವರ ಮೇಲೆ ಭಾರ ಹಾಕಿ ಕಾಲೇಜಿಗೆ ಹೋದ. ಸಂಜೆ ಬಂದು ನೋಡಿದರೆ ಅರವತ್ತೆಂಟು!

ಓರೆ ಸ್ಪಂಜಿನ ಮಹಿಮೆಯ ಬಗ್ಗೆ ಹಾಜರಾಬಿಗೆ ಅರ್ಧ ತಾಸು ಉಪನ್ಯಾಸ ನಡೆಯಿತು. ಹುಲಗೇಶನ ಹಲ್ಲಿಲ್ಲದ ತಾಯಿ ಗುಡ್ಡವ್ವ ಅಲ್ಲೇ ಕೂತು ಮೆತ್ತನೆಯ ರೊಟ್ಟಿ ಮೆಲ್ಲುತ್ತ ಎಲ್ಲದಕ್ಕೂ ತಲೆಯಾಡಿಸಿದಳು.

ಇಪ್ಪತ್ತೊಂದನೆಯ ದಿನ ಬೆಳಗಾಗುವಷ್ಟರಲ್ಲಿ ಪೆಟ್ಟಿಗೆ ಚಿಂವ್‌ಗುಟ್ಟಿತು. ಮಧ್ಯಾಹ್ನ ಹಾಜರಾಬಿಯನ್ನು ಕರೆಸಿ, ಹುಲಗೇಶ ಗಂಟಲು ಸರಿಮಾಡಿಕೊಂಡು ಮುಚ್ಚಳ ಎತ್ತಿದ. ಹತ್ತು ಮರಿ! ಹತ್ತೂ ಒಂದು ಒದ್ದೆ ಬಟ್ಟೆಯ ಗಂಟಿನ ಸುತ್ತ ನಿಂತಿದ್ದವು. ಗಂಟು ಬಿಚ್ಚಿದರೆ ಎರಡು ಜೋಳದ ರೊಟ್ಟಿ.

"ಯವ್ವಾ, ಇದೇನಬೇ?"

"ಅಯ್ಯ, ನಿನ್ನೀದು ಮರತೇ ಬಿಟ್ಟಿದ್ನಿ," ಎಂದಳು ಗುಡ್ಡವ್ವ. "ಖಡಕ್ ರೊಟ್ಟಿ ನನಗೆಲ್ಲಿ ಕಡಿಯಾಕ ಆಕ್ಕಾವಪಾ. ನೀರು ಚಿಮುಕಿಸಿ ಒದ್ದಿ ಅರಿವ್ಯಾಗ ಸುತ್ತಿ ಇಲ್ಲಿ ಇಟ್ರ ಲಗೂ ಮೆತ್ತಗಾಕ್ಕಾವು. ಮೂರು ದಿನದಿಂದ ಇಡಾಕತ್ತೇನಿ. ಮುಚ್ಚಳ ಮುಟ್ಟಿಲ್ಲ ಮತ್ತ, ಕಿಂಡ್ಯಾಗಿಂದ ತುರುಕೇನಿ."

ಮಾಯಾ ನಕ್ಕು ನಕ್ಕು ನೆಲಕ್ಕೆ ಕೂತಳು. ಹಾಜರಾಬಿ ಮರಿಗಳನ್ನು ಸೆರಗಿಗೆ ಹಾಕಿಕೊಂಡು ಮತ್ತೆ ಅತ್ತಳು, ಈ ಸಲ ಖುಷಿಗೆ. ಅದನ್ನು ನೋಡಿ ಹುಲಗೇಶನಿಗೂ, ಸ್ಪಂಜಿನ ಮಾನ ಹೋದದ್ದು ಅರ್ಧ ಮರೆತುಹೋಯಿತು.

ಮುಂದಿನ ವಾರ ಹಾಜರಾಬಿ ಶಿರಗುಪ್ಪಿಯ ತಂಗಿಯ ಮನೆಯಿಂದ ಒಂಬತ್ತು ಮೊಟ್ಟೆ ತಂದಳು. ಹುಲಗೇಶ ಸ್ಪಂಜು ಹುಡುಕುತ್ತ ಎದ್ದ. ಅವಳು ಅವನನ್ನು ದಾಟಿ ಗುಡ್ಡವ್ವನ ಮುಂದೆ ಹೋಗಿ ಕೂತಳು.

"ದೊಡ್ಡವ್ವಾ, ಒಂಬತ್ತು ತತ್ತಿಗೆ ಎಷ್ಟು ರೊಟ್ಟಿ ಇಡಬೇಕಾಕ್ಕೈತ್ರಿ?"

"ಎರಡು ಸಾಕವ್ವಾ. ಸ್ಪಂಜು ಬ್ಯಾಡ."

ರೊಟ್ಟಿಗೆ ನೀರು ಚಿಮುಕಿಸುವ ಕೆಲಸ ಮಾತ್ರ, ಪ್ರಯೋಗಾಲಯದ ಅನುಭವ ಇದ್ದದ್ದರಿಂದ, ಹುಲಗೇಶನಿಗೇ ಸಿಕ್ಕಿತು.