ರೊಟ್ಟಿ ಬಡಿದು ಪಡೆದ ಪಿಎಚ್‌ಡಿ

ಪ್ರಯೋಗಾಲಯದಲ್ಲಿ ಕುಳಿತು ಪಿಎಚ್‌ಡಿ ಮಾಡುವವರಿಗೆ ಇಂಥ ಫಜೀತಿಗಳು ಆಗುತ್ತವೋ ಇಲ್ಲವೋ ಗೊತ್ತಿಲ್ಲ. ನಾನು ಮಾಡಿದ್ದು ಮಂದಿಯ ಅಡುಗೆಮನೆಯಲ್ಲಿ, ಒಲೆಯ ಮುಂದೆ ಕುಳಿತು. ಹಾಗಾಗಿ ವಾರಕ್ಕೊಂದಾದರೂ ಆಗುತ್ತಿತ್ತು, ಈಗಲೂ ಆಗುತ್ತದೆ.

ನನ್ನ ವಿದ್ಯೆಯ ಹೆಸರು ಆಕ್ಯುಪೇಶನಲ್ ಥೆರಪಿ. ಲಕ್ವಾ ಹೊಡೆದವರು, ಕೈ ಜಜ್ಜಿಕೊಂಡವರು ಮತ್ತೆ ತಾವೇ ಉಂಡು, ತಾವೇ ಉಟ್ಟು, ತಮ್ಮ ಕೆಲಸ ತಾವು ಮಾಡಿಕೊಳ್ಳುವಂತೆ ಅವರ ಕೈಯನ್ನು ಪಳಗಿಸುವುದು. ಶಹಾಪುರದ ಒಂದು ಸಣ್ಣ ಕೇಂದ್ರದಲ್ಲಿ ಹನ್ನೆರಡು ವರ್ಷ ಇದನ್ನೇ ಮಾಡಿ, ನಲವತ್ತು ದಾಟಿದ ಮೇಲೆ ಪಿಎಚ್‌ಡಿಗೆ ಅರ್ಜಿ ಹಾಕಿದೆ. ಈ ವಯಸ್ಸಿನಲ್ಲಿ ಯಾಕೆ ಎಂದವರಿಗೆಲ್ಲ ಒಂದೇ ಉತ್ತರ ಕೊಟ್ಟೆ: ಸಿಟ್ಟು ಬಂದಿದೆ, ಅದಕ್ಕೆ.

ಸಿಟ್ಟು ಬಂದದ್ದು ಒಂದು ಪರೀಕ್ಷಾ ಪಟ್ಟಿಯ ಮೇಲೆ. ರೋಗಿಯ ಕೈ ಎಷ್ಟು ಸುಧಾರಿಸಿದೆ ಎಂದು ಅಳೆಯಲು ಹೊರದೇಶದವರು ಮಾಡಿದ ಪಟ್ಟಿ ಅದು. ಚಾಕು, ಮುಳ್ಳುಚಮಚ ಹಿಡಿದು ಉಣ್ಣಬೇಕು, ಕೋಟಿನ ಗುಂಡಿ ಹಾಕಬೇಕು. ಹತ್ತಿರದ ಸಗರ ಎಂಬ ಊರಿನ ಒಬ್ಬ ಅಜ್ಜಿ ಅದರಲ್ಲಿ ನಪಾಸಾದಳು. 'ಬಲಗೈ ಇನ್ನು ಬರುವುದಿಲ್ಲ' ಎಂದು ಬರೆದು ಅವಳನ್ನು ಯಾವುದೋ ದೊಡ್ಡ ಆಸ್ಪತ್ರೆಯಿಂದ ಮನೆಗೆ ಕಳಿಸಿದ್ದರು. ಅಜ್ಜಿ ಮುಳ್ಳುಚಮಚವನ್ನು ಮೊದಲ ಸಲ ನೋಡಿದ್ದೇ ಆ ದಿನ. ನಾನು ಅದೇ ಪಟ್ಟಿ ಹಿಡಿದು ಅಜ್ಜಿಯನ್ನು ನೋಡಲು ಬಂದ ಆರು ಮಂದಿಯನ್ನು ಪರೀಕ್ಷೆ ಮಾಡಿದೆ. ಆರೂ ಮಂದಿ ನಪಾಸು. ಅವರಲ್ಲಿ ಒಬ್ಬ ಕುಸ್ತಿ ಪೈಲವಾನ.

ನಮ್ಮ ಮಂದಿಗೆ ನಮ್ಮದೇ ಪರೀಕ್ಷೆ ಬೇಕು, ಅದು ಜೋಳದ ರೊಟ್ಟಿ ಬಡಿಯುವುದೇ ಆಗಬೇಕು ಎಂದು ಹಟ ಹಿಡಿದೆ. ವಿಶ್ವವಿದ್ಯಾಲಯ ಒಪ್ಪಿದರೆ ಅಜ್ಜಿಯಂಥವರನ್ನು ಹಾಗೆ ಬರೆದು ಮನೆಗೆ ಕಳಿಸುವುದು ನಿಲ್ಲುತ್ತದೆ. ಒಪ್ಪದಿದ್ದರೆ ನಾನು ರೋಗಿಗಳ ಕೈಲಿ ರೊಟ್ಟಿ ಬಡಿಸಿದ ಹೆಂಗಸಾಗಿಯೇ ಉಳಿಯುತ್ತೇನೆ.

೧. ದಾಖಲೆ

ಅರ್ಜಿಯಲ್ಲಿ ಒಂದು ಕಲಮು ಇತ್ತು: ಓದಿನ ನಡುವೆ ವರ್ಷಗಳು ಖಾಲಿ ಹೋಗಿದ್ದರೆ ಕಾರಣ ತಿಳಿಸಿ ಅಫಿಡವಿಟ್ ಕೊಡಬೇಕು. ನನ್ನವು ಮೂರು ವರ್ಷ ಹೋಗಿದ್ದವು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಅವ್ವನ ಜೊತೆ ಕಾಲುವೆಯ ಮಣ್ಣು ಹೊತ್ತೆ. ಸಿಮೆಂಟ್ ಚೀಲದ ಮೇಲಿನ ಅಕ್ಷರ, ಕಿರಾಣಿ ಪೊಟ್ಟಣದ ಕಾಗದ, ಎಂಜಿನಿಯರ ಸಾಹೇಬರು ಬಿಸಾಕಿದ ಪೇಪರು, ಸಿಕ್ಕಿದ್ದನ್ನೆಲ್ಲ ಓದಿದೆ. ಆಮೇಲೆ ಹತ್ತನೆಯದಕ್ಕೆ ಹೊರಗಿನಿಂದ ಕಟ್ಟಿ ಪಾಸಾದೆ.

ಶಹಾಪುರದ ತಹಶೀಲ್ ಕಚೇರಿಯ ಮುಂದೆ ಬೇವಿನ ಮರದ ಕೆಳಗೆ ಟೈಪ್ ಮಾಡುವ ಕಾಕಾ ಒಬ್ಬರಿದ್ದರು. ಕನ್ನಡಕ ಹಣೆಗೇರಿಸಿ ಕೇಳಿದರು, "ಮೂರು ವರ್ಷ ಏನ್ ಮಾಡಿದ್ರಿ ಬಾಯಾರ?"

"ಕಾಲುವಿ ತೋಡಿದೆ."

"ಮನಿಯೊಳಗ ತ್ರಾಸ ಇತ್ತು ಅಂತ ಬರೀತೀನಿ. ಎಲ್ಲಾರೂ ಹಂಗಾ ಬರಸ್ತಾರ."

"ಕಾಲುವಿ ತೋಡಿದೆ ಅಂತಾನಾ ಬರೀರಿ."

"ಹಂಗ ಬರದ್ರ ದಾಖಲಿ ಕೇಳ್ತಾರ್ರಿ. ಹಾಜರಿ ಪುಸ್ತಕ ಗಿಸ್ತಕ ಏನರ ಅದ ಏನು?"

"ಇಲ್ರಿ. ನೀವು ಮುಂಜಾನಿ ಏನ್ ಉಂಡ್ ಬಂದ್ರಿ?"

ಕಾಕಾಗೆ ಪ್ರಶ್ನೆ ವಿಚಿತ್ರ ಅನ್ನಿಸಿತು. ಆದರೂ ಹೇಳಿದರು, "ಅನ್ನ, ಸಾರು."

"ಯಾರ ಹೊಲದ ಅಕ್ಕಿ?"

"ನಮ್ದಾ ರೀ. ಊರ ಮುಂದ ಎರಡು ಎಕರೆ ಗದ್ದಿ ಅದ."

"ನಿಮ್ಮ ಅಪ್ಪನ ಕಾಲದಾಗೂ ಗದ್ದಿ ಇತ್ತೇನು?"

"ಎಲ್ಲಿದು ರೀ. ಕಾಲುವಿ ನೀರು ಬಂದ ಮ್ಯಾಲ."

"ಹಂಗಾದ್ರ ದಾಖಲಿ ನಿಮ್ಮ ಹೊಟ್ಟ್ಯಾಗ ಅದ. ಬರೀರಿ."

೨. ಸಂದರ್ಶನ

ಸಂದರ್ಶನಕ್ಕೆ ಐವರು ಕುಳಿತಿದ್ದರು. ನಾಲ್ವರು ಗಂಡಸರು ಪ್ರಶ್ನೆ ಕೇಳಿದರು. ತುದಿಯಲ್ಲಿದ್ದ ಹಿರಿಯ ಪ್ರಾಧ್ಯಾಪಕಿ ಮಾತಾಡದೆ ನನ್ನ ಪ್ರಸ್ತಾವನೆಯ ಹಾಳೆ ತಿರುವುತ್ತಿದ್ದರು.

"ರೊಟ್ಟಿ ಬಡಿಯುವುದು ಒಂದು ಪರೀಕ್ಷೆಯೇನಮ್ಮ?" ಅಧ್ಯಕ್ಷರು ಕೇಳಿದರು.

ನಾನು ವಿವರಿಸಿದೆ. ಹಿಟ್ಟಿಗೆ ಬಿಸಿನೀರು ಹಾಕುವುದರಿಂದ ಹಿಡಿದು ಹಂಚಿನ ಮೇಲೆ ರೊಟ್ಟಿ ತಿರುವುವ ತನಕ ಇಪ್ಪತ್ತು ಹಂತ. ಹಂತಕ್ಕೊಂದು ಅಂಕ. ಭುಜ, ಮೊಣಕೈ, ಮಣಿಕಟ್ಟು, ಬೆರಳು, ಕಣ್ಣು, ಲಕ್ಷ್ಯ ಎಲ್ಲವೂ ಅದರಲ್ಲಿ ಬರುತ್ತವೆ.

"ಸರಿ, ಆದರೆ ಇದರಲ್ಲಿ ನಿಖರತೆ ಎಲ್ಲಿದೆ? ಒಬ್ಬೊಬ್ಬರ ಮನೆಯ ರೊಟ್ಟಿ ಒಂದೊಂದು ಅಳತೆ. ಯಾರು ತಪ್ಪು ಹಿಡಿಯುತ್ತಾರೆ?"

"ಅತ್ತೆ ಹಿಡಿಯುತ್ತಾಳೆ ಸರ್. ರೊಟ್ಟಿ ಒಂದು ಬೆರಳು ಸೊಟ್ಟ ಆದರೆ ಹೊರಗಿನ ಕಟ್ಟೆಯ ಮೇಲೆ ಕುಳಿತು, ಬಡಿಯುವ ಸಪ್ಪಳ ಕೇಳಿಯೇ ಹೇಳುತ್ತಾಳೆ."

ನಾಲ್ವರೂ ನಕ್ಕರು. ಅದು ಒಳ್ಳೆಯ ನಗುವಲ್ಲ, ಮುಂದಿನವರನ್ನು ಕರೆಯಿರಿ ಎನ್ನುವ ನಗು. ಅಷ್ಟರಲ್ಲಿ ತುದಿಯ ಪ್ರಾಧ್ಯಾಪಕಿ ಹಾಳೆ ಕೆಳಗಿಟ್ಟರು.

"ಮೂವತ್ತು ವರ್ಷದಿಂದ ನಮ್ಮ ಅತ್ತೆ ನನ್ನನ್ನು ಅಳೆಯುತ್ತಿದ್ದಾರೆ. ಒಂದು ಸಲವೂ ಫಲಿತಾಂಶ ಬದಲಾಗಿಲ್ಲ. ಇದಕ್ಕಿಂತ ನಿಖರ ಇನ್ನೇನು ಬೇಕು? ಸೀಟು ಕೊಡಿ."

ಕೊಟ್ಟರು. ಜೊತೆಗೊಂದು ಷರತ್ತನ್ನೂ ಹಾಕಿದರು: ಕೊನೆಗೆ ಹೊರಗಿನ ಪರೀಕ್ಷಕರು ಬಂದು, ಪರೀಕ್ಷೆಯನ್ನು ಕಣ್ಣಾರೆ ನೋಡಿ ಒಪ್ಪಿದರೆ ಮಾತ್ರ ಪದವಿ.

೩. ಹನ್ನೊಂದು ರೊಟ್ಟಿ

ಮೊದಲ ಪರೀಕ್ಷೆ ಸಗರದ ಅಜ್ಜಿಗೇ. ಅವಳ ಬಲಗೈ ಯಾರೋ ಇಟ್ಟು ಮರೆತುಹೋದ ಸಾಮಾನಿನ ಹಾಗೆ ಮಡಿಲಲ್ಲಿ ಬಿದ್ದಿರುತ್ತಿತ್ತು. ಎಳ್ಳು ಅಮಾವಾಸ್ಯೆಯ ಹಬ್ಬದ ಆಸೆ ಮಾತ್ರ ಗಟ್ಟಿ: "ಎಳ್ಳಮಾಸಿಗಿ ಹೊಲಕ್ಕ ಒಯ್ಯೋ ಸಜ್ಜಿ ರೊಟ್ಟಿ ನನ್ನ ಕೈಲೇ ಆಗಬೇಕವ್ವ."

ಸೊಸೆ ಬಹಳ ಒಳ್ಳೆಯವಳು, ತೊಂದರೆ ಇದ್ದದ್ದು ಅಲ್ಲೇ. ಅಜ್ಜಿ ನೀರಿನ ಕಡೆ ನೋಡುವ ಮೊದಲೇ ಚರಿಗೆ ಬಾಯಿಗೆ ಬರುತ್ತಿತ್ತು. ಅಜ್ಜಿಯ ಕೈಯನ್ನು ಅರ್ಧ ಲಕ್ವಾ ಕೆಡಿಸಿದ್ದರೆ ಇನ್ನರ್ಧ ಪ್ರೀತಿ ಕೆಡಿಸಿತ್ತು.

ನಾನು ಫಾರಂ ಹಿಡಿದು ಎದುರು ಕುಳಿತು, "ಹಿಟ್ಟು ನಾದ್ರಿ ಅಜ್ಜಿ" ಎಂದೆ. ಅಜ್ಜಿ ಕೈ ಎತ್ತುವಷ್ಟರಲ್ಲಿ ಪಕ್ಕದ ಮನೆಯಾಕೆ ಒಳಗೆ ಬಂದಳು.

"ಲಕ್ವಾ ಹೊಡದ ಮುದುಕಿ ಕೈಲೆ ರೊಟ್ಟಿ ಬಡಸಾಕತ್ತೀರಲ್ಲ, ಮಂದಿ ಏನ್ ಅಂದಾರು?" ಎಂದು ಸೊಸೆಗೆ ಬೈದು, ಹಿಟ್ಟು ನಾದುವ ಪರಾತ ತನ್ನ ಮುಂದೆ ಎಳೆದುಕೊಂಡಳು. ಅವಳ ಹಿಂದೆಯೇ ಬಂದ ಅವಳ ನಾದಿನಿ ಇನ್ನೊಂದು ಉಂಡೆ ಹಿಡಿದಳು. ಸೊಸೆ ಒಲೆ ಊದಿದಳು. ನಾನು ಬೇಡವೆಂದಷ್ಟೂ "ಇರ್ಲಿ ಬಿಡ್ರಿ ಅಕ್ಕಾರ, ಪಾಪ" ಎನ್ನುತ್ತಿದ್ದರು.

ಆ ದಿನದ ಫಾರಂ ಈಗಲೂ ನನ್ನ ಹತ್ತಿರ ಇದೆ. ಒಟ್ಟು ರೊಟ್ಟಿ ಹನ್ನೊಂದು. ಪಕ್ಕದ ಮನೆಯಾಕೆಯವು ಆರು, ನಾದಿನಿಯವು ಐದು, ರೋಗಿಯವು ಸೊನ್ನೆ. ಎರಡು ನಾನೇ ತಿಂದೆ.

ಮರುದಿನ ಒಂದು ಕಾನೂನು ಮಾಡಿ ಸೊಸೆಗೆ ಬಾಯಿಪಾಠ ಮಾಡಿಸಿದೆ: "ಕೈ ಹಚ್ಚಬ್ಯಾಡ. ಅವರಾ ಮಾಡ್ಲಿ." ಮುಂದಿನ ವಾರ ಹೋದಾಗ ಅಜ್ಜಿ ಒಬ್ಬಳೇ ಹಿಟ್ಟಿನ ಜೊತೆ ಗುದ್ದಾಡುತ್ತಿದ್ದಳು. ಸೊಸೆ ಗೋಡೆಗೆ ಒರಗಿ, ಎರಡೂ ಅಂಗೈ ತೊಡೆಯ ಕೆಳಗೆ ಒತ್ತಿಕೊಂಡು ಕುಳಿತಿದ್ದಳು.

"ಇದೇನವ್ವ ಹಿಂಗ ಕುಂತೀ?"

"ಕೈ ತಡೀವಲ್ದು ಅಕ್ಕಾರ. ಅದಕ್ಕ ಅದರ ಮ್ಯಾಲೇ ಕುಂತೀನಿ."

೪. ಕೆಂಪು ಚೆಂಡು

ಗಂಡಸರು ರೊಟ್ಟಿ ಬಡಿಯುವುದಿಲ್ಲ. ಅವರಿಗೆ ಅವರವರ ಕಸುಬೇ ಪರೀಕ್ಷೆ. ಸುರಪುರ ದಾಟಿ ತಿಂಥಣಿಯಲ್ಲಿ ಮೀನು ಹಿಡಿಯುವ ಕಾಕಾ ಒಬ್ಬರಿದ್ದರು. ಬಂಡೆಯ ನಡುವೆ ಸಿಕ್ಕಿ ಬಲಗೈ ಬೆರಳು ಜಜ್ಜಿದ್ದವು. ಬಲೆ ಹೆಣೆಯಲು ಬರಬೇಕು, ಅದೇ ಗುರಿ. ದಿನಾ ನೂರು ಸಲ ಹಿಸುಕಿ ಎಂದು ಒಂದು ಕೆಂಪು ರಬ್ಬರ್ ಚೆಂಡು ಕೊಟ್ಟು ಬಂದೆ.

ಎರಡು ಸಲ ಹೋದಾಗಲೂ ಒಂದೇ ಮಾತು: "ಬೆರಳು ಒಂದಕ್ಕೊಂದು ಕೂಡವಲ್ವು ಬಾಯಾರ."

ಮೂರನೆಯ ಸಲ ಚೆಂಡು ಎಲ್ಲಿ ಎಂದು ಕೇಳಿದೆ. ಗದ್ದ ಎತ್ತಿ ಹೊಳೆಯ ಕಡೆ ತೋರಿಸಿದರು. ಬಲೆಯ ಅಂಚಿನ ಬೆಂಡುಗಳ ಸಾಲಿನಲ್ಲಿ ನನ್ನ ಚೆಂಡೂ ತೇಲುತ್ತಿತ್ತು. ಎಳೆದು ನೋಡಿದೆ. ಚೆಂಡಿನ ಸುತ್ತ ಸಣ್ಣ ಕಣ್ಣಿನ ಚೀಲ ಹೆಣೆದು ಬಲೆಗೆ ಕಟ್ಟಿದ್ದರು. ಅಷ್ಟು ನಾಜೂಕಾದ ಗಂಟು ನನಗೂ ಬರುವುದಿಲ್ಲ.

"ಯಾರು ಹೆಣದ್ರು ಇದನ್ನ?"

"ನಾನಾ ರೀ. ಮತ್ತ್ಯಾರು ಹೆಣೀತಾರ?"

"ಯಾವ ಕೈಲೆ?"

ಕಾಕಾ ತಮ್ಮ ಎರಡೂ ಕೈಗಳನ್ನು ನೋಡಿಕೊಂಡರು.

"ಕೈ ಅರಾಮ ಆಗ್ಯದ. ಹಂಗಾದ್ರ ಚೆಂಡು ವಾಪಸ್ ಕೊಡ್ರಿ" ಎಂದೆ.

"ಇಲ್ರಿ ಬಾಯಾರ," ಕಾಕಾ ತಟ್ಟನೆ ಕೈ ಹಿಂದಕ್ಕೆಳೆದುಕೊಂಡರು, "ಇನ್ನಾ ಪೂರಾ ಅರಾಮ ಇಲ್ಲ. ಬಲಿ ಉದ್ದ ಅದ, ಇನ್ನ ನಾಕು ಚೆಂಡು ಬೇಕಾಗ್ತಾವ."

೫. ಅದಲು ಬದಲು

ರೋಗಿಗಳ ಅಂಕಕ್ಕೆ ಹೋಲಿಸಿ ನೋಡಲು ಆರೋಗ್ಯವಂತರ ಅಂಕ ಬೇಕಲ್ಲ. ಶಹಾಪುರದ ಸುತ್ತಲಿನ ಊರುಗಳಲ್ಲಿ ಇಪ್ಪತ್ತೈದು ವರ್ಷದ ಆಸುಪಾಸಿನ ಗಟ್ಟಿಮುಟ್ಟಾದ ಸೊಸೆಯಂದಿರನ್ನು ಕೂಡಿಸಿ ರೊಟ್ಟಿ ಬಡಿಯಲು ಹಚ್ಚಿದೆ. ಅಂಕಗಳನ್ನು ಮಾರ್ಗದರ್ಶಕರಿಗೆ ಕಳಿಸಿದೆ. ಮರುದಿನವೇ ಫೋನ್ ಬಂತು.

"ಏನಮ್ಮ, ಕಾಲಮ್ಮು ಅದಲು ಬದಲು ಮಾಡಿದ್ದೀರಿ. ರೋಗಿಗಳ ಅಂಕ ಆರೋಗ್ಯವಂತರ ಕಡೆ ಬರೆದಿದ್ದೀರಿ."

"ಇಲ್ಲ ಸರ್, ಸರಿಯಾಗೇ ಇದೆ."

"ಹೇಗೆ ಸರಿ? ಆರೋಗ್ಯವಂತರೆಲ್ಲ ಲಕ್ವಾದವರಿಗಿಂತ ಕೆಳಗಿದ್ದಾರೆ."

"ಕಾಲುವೆ ಬಂದಿದೆ ಸರ್."

ಅದಕ್ಕೂ ಇದಕ್ಕೂ ಏನು ಸಂಬಂಧ ಎಂದರು. ನಾನು ಬಿಡಿಸಿ ಹೇಳಿದೆ. ನೀರು ಬಂದ ಮೇಲೆ ಜೋಳದ ಹೊಲಗಳೆಲ್ಲ ನೆಲ್ಲಿನ ಗದ್ದೆಯಾಗಿವೆ. ಹೊಸ ಸೊಸೆಯಂದಿರು ಎರಡು ಹೊತ್ತೂ ಅನ್ನಕ್ಕಿಡುತ್ತಾರೆ, ರೊಟ್ಟಿ ಬೇಕಾದರೆ ಖಾನಾವಳಿಯಿಂದ ತರಿಸುತ್ತಾರೆ. ಸಗರದ ಅಜ್ಜಿ ಆ ಹೊತ್ತಿಗೆ ಹದಿಮೂರು ಅಂಕಕ್ಕೆ ಏರಿದ್ದಳು. ಸೊಸೆಗೆ ಬಂದದ್ದು ಆರು. ಮೊದಲ ದಿನ ಅವಳು ಯಾಕೆ ಒಲೆ ಊದುತ್ತ ಕುಳಿತಳು ಎಂಬುದು ನನಗೆ ಗೊತ್ತಾದದ್ದು ಆಗ.

ಕಾಲುವೆ ಮುಟ್ಟದ ಊರುಗಳನ್ನು ಹುಡುಕಿಕೊಂಡು ಸುರಪುರದ ಗುಡ್ಡದ ಕಡೆ ಅಲೆದೆ. ದಿನಾ ರೊಟ್ಟಿ ಬಡಿಯುವ ಹೆಂಗಸರನ್ನು ಕಂಡು ಎಲ್ಲವನ್ನೂ ಮೊದಲಿನಿಂದ ಮಾಡಿದೆ. ಒಂದು ವರ್ಷ ಹೋಯಿತು. ನನ್ನ ಓದಿನ ಮೂರು ವರ್ಷ ನುಂಗಿದ್ದು ಸಾಲದೆಂದು, ಆ ಕಾಲುವೆ ನಾಲ್ಕನೆಯದನ್ನೂ ಕುಡಿಯಿತು.

೬. ಪರೀಕ್ಷಕರು

ಪ್ರಬಂಧ ಮುಗಿಯಿತು. ಹೊರಗಿನ ಪರೀಕ್ಷಕರು ಯಾದಗಿರಿ ಸ್ಟೇಷನ್ನಿನಲ್ಲಿ ಇಳಿದರು. ದಕ್ಷಿಣದ ಕಡೆಯವರು, ಬಿಳಿ ಅಂಗಿ, ಮೆದು ಮಾತು. ಸಗರಕ್ಕೆ ಹೋಗುವಾಗ ಜೀಪಿನಲ್ಲಿ ಹೇಳಿದರು, "ತಪ್ಪು ತಿಳಿಯಬೇಡಿ. ರೊಟ್ಟಿ ಬಡಿಯುವುದು ತೋಳಿನ ಬಲದ ಕೆಲಸ. ಬೆರಳಿನ ಸೂಕ್ಷ್ಮ ಇದರಲ್ಲಿ ಏನೂ ಇಲ್ಲ ಎಂದು ನನಗೆ ಅನ್ನಿಸುತ್ತದೆ. ಇದೆ ಎಂದು ಕಾಣದಿದ್ದರೆ ನಾನು ಸಹಿ ಹಾಕುವುದಿಲ್ಲ."

ಕಣ್ಣಾರೆ ನೋಡಿ ಸರ್ ಎಂದೆ. ಐದು ವರ್ಷದ ಕೆಲಸ ಈಗ ಅಜ್ಜಿಯ ಒಲೆಯ ಮುಂದಿತ್ತು.

ಅಜ್ಜಿ ಬಡಿದಳು. ಹದಿನೆಂಟು ಅಂಕ. ಪರೀಕ್ಷಕರು ತಲೆಯಾಡಿಸಿದರು, ಮುಖ ಬದಲಾಗಲಿಲ್ಲ. "ನೋಡಿದರೆ ತೋಳಿನ ಕೆಲಸವೇ. ನಾನೇ ಒಮ್ಮೆ ಮಾಡುತ್ತೇನೆ, ನೀವು ಅಂಕ ಹಾಕಿ" ಎಂದು ಅಂಗಿಯ ತೋಳು ಮಡಚಿ ರೊಟ್ಟಿ ಬಡಿಯುವ ಕಲ್ಲಿನ ಮುಂದೆ ಕುಳಿತರು.

ನಾನು ಹೊಸ ಫಾರಂ ತೆಗೆದು ಅವರ ಎದುರು ಕುಳಿತೆ. ಅಜ್ಜಿಗೆ ಅವರು ಯಾರೆಂದು ಯಾರೂ ಹೇಳಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಇಷ್ಟೇ: ನಾನು ಫಾರಂ ಹಿಡಿದು ಯಾರ ಎದುರು ಕೂರುತ್ತೇನೋ ಅವರು ರೋಗಿ.

ಮೊದಲ ರೊಟ್ಟಿ ಕಲ್ಲಿಗೆ ಅಂಟಿತು. ಎರಡನೆಯದು ನಾಲ್ಕು ಕಡೆ ಹರಿಯಿತು. ಮೂರನೆಯದು ಅಂಗೈಗೆ ಮೆತ್ತಿಕೊಂಡು ಮೊಣಕೈ ತನಕ ಹೋಯಿತು. ಸೊಸೆ ತಡೆಯಲಾರದೆ ಎದ್ದು ಬಂದಳು.

"ಕೈ ಹಚ್ಚಬ್ಯಾಡ," ಅಜ್ಜಿ ಗದರಿದಳು. "ಅವರಾ ಮಾಡ್ಲಿ."

ಸೊಸೆ ಹೋಗಿ ತನ್ನ ಕೈಗಳ ಮೇಲೆ ಕುಳಿತಳು. ನಾನು ಲೆಕ್ಕ ಹಾಕಿದೆ: ಇಪ್ಪತ್ತಕ್ಕೆ ನಾಲ್ಕು.

ಅಜ್ಜಿ ಹತ್ತಿರ ಸರಿದು, ಬಲಗೈ ಚಾಚಿ ಪರೀಕ್ಷಕರ ಮಣಿಕಟ್ಟು ಹಿಡಿದಳು. ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಹಿಟ್ಟಿನ ಅಂಚಿಗೆ ಇಟ್ಟಳು. "ಅಂಗೈಲೆ ಗುದ್ದಬ್ಯಾಡ್ರಿ. ಬೆರಳ ತುದೀಲೆ ತಿರುವ್ರಿ, ಹಿಂಗ. ಕಲಿಸಿ ಕೊಟ್ರ ಕೈ ಕೇಳ್ತದ."

ಪರೀಕ್ಷಕರು ರೊಟ್ಟಿ ನೋಡುವುದನ್ನು ಬಿಟ್ಟು ಅಜ್ಜಿಯ ಬೆರಳುಗಳನ್ನೇ ನೋಡುತ್ತಿದ್ದರು. "ಇನ್ನು ಬರುವುದಿಲ್ಲ ಎಂದು ಬರೆದದ್ದು ಇದೇ ಕೈಗೋ?" ಎಂದು ನನ್ನನ್ನು ಕೇಳಿದರು.

"ಇದೇ ಕೈಗೆ ಸರ್."

ಫೈಲು ಕೇಳಿದರು. ಹಿಟ್ಟಿನ ಕೈಯಲ್ಲೇ ಸಹಿ ಹಾಕಿದರು. ಆ ಹಾಳೆಯ ಮೇಲೆ ಹಿಟ್ಟಿನ ಗುರುತು ಈಗಲೂ ಇದೆ.

ಅಜ್ಜಿ ನನ್ನ ಕಡೆ ಬಾಗಿ, ಮೆಲ್ಲಗೆ ಕೇಳುತ್ತಿದ್ದೇನೆ ಎಂದುಕೊಂಡು ಇಡೀ ಮನೆಗೆ ಕೇಳಿಸುವಂತೆ ಕೇಳಿದಳು, "ಪಾಪ, ಇವರಿಗಿ ಲಕ್ವಾ ಹೊಡದು ಎಷ್ಟು ದಿನಾ ಆತವ್ವ?" ನನ್ನ ಉತ್ತರಕ್ಕೂ ಕಾಯದೆ ಅವರ ಕಡೆ ತಿರುಗಿದಳು. "ಹೆದರಬ್ಯಾಡ್ರಿ ಸಾಹೇಬ್ರ. ನಂದೂ ಹಿಂಗಾ ಇತ್ತು. ಈಕಿ ಡಾಕ್ಟರ್ ಅಲ್ಲ ಖರೆ, ಆದ್ರ ಭಾಳ ಹುಷಾರ್ ಅದಾಳ."

ಪರೀಕ್ಷಕರು ಕೈ ಒರೆಸಿಕೊಳ್ಳುತ್ತ ಗಂಭೀರವಾಗಿ ಹೇಳಿದರು, "ಇವತ್ತಿನಿಂದ ಇವರು ಡಾಕ್ಟರೇ ಅಜ್ಜಿ."

ಅಜ್ಜಿ ಪರೀಕ್ಷಕರ ಹರಿದ ರೊಟ್ಟಿಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ ನೆಮ್ಮದಿಯ ಉಸಿರು ಬಿಟ್ಟಳು.

"ಛಲೋ ಆತು ಬಿಡವ್ವ. ಹಂಗಾದ್ರ ಮೊದಲ ಇವರಿಗೇ ನೋಡು."