ಬಿಸಿಲಿಗಿಟ್ಟ ಬೆಕ್ಕು

ಬೇಸಿಗೆ ಬಂತೆಂದರೆ ನಮ್ಮ ಕೊಟ್ಟೂರಿನವರು ಮಾಳಿಗೆಯ ಮೇಲೆ ಹಪ್ಪಳ, ಸಂಡಿಗೆ ಒಣಹಾಕುತ್ತಾರೆ. ನನ್ನ ಸೋದರಮಾವ ಬೆಕ್ಕನ್ನು ಒಣಹಾಕಿದ್ದರು. ನಂಬುವುದಿಲ್ಲವೇ? ಎಂಬತ್ತರ ದಶಕದಲ್ಲಿ ಅವರ ಮನೆಯಲ್ಲಿದ್ದುಕೊಂಡು ಶಾಲೆಯಲ್ಲಿ ಪಾಠ ಮಾಡುತ್ತಿದ್ದ ನಾನೇ ಸಾಕ್ಷಿ.

ಮಾವ ಶೇಂಗಾ ಗೋದಾಮಿನಲ್ಲಿ ತೂಕ ಹಾಕುತ್ತಿದ್ದರು. ಇಲಿಗೆಂದು ಅಲ್ಲಿದ್ದ ಬೂದು ಬೆಕ್ಕು ದಿನವಿಡೀ ಅವರ ತಕ್ಕಡಿಯ ಪಕ್ಕದಲ್ಲಿ ಕೂತು, ಸಂಜೆ ಅವರ ಹಿಂದೆಯೇ ಮನೆಗೆ ಬರುತ್ತಿತ್ತು. ಶಿವರಾತ್ರಿಯ ಹೊತ್ತಿಗೆ ಅದು ಸೀನತೊಡಗಿತು. ಮಾವ ನಶ್ಯದ ಭಕ್ತರು. ತಮ್ಮ ನಶ್ಯವೇ ಅದರ ಮೂಗಿಗೆ ಹೋಗಿದೆಯೆಂದು ತೀರ್ಮಾನಿಸಿ, ಡಬ್ಬಿಯನ್ನು ಅತ್ತೆಯ ಕೈಗೆ ಕೊಟ್ಟುಬಿಟ್ಟರು. ಮೂವತ್ತು ವರ್ಷ ಅತ್ತೆ ಬೇಡಿಕೊಂಡರೂ ಬಿಡದವರು!

"ಬೆಕ್ಕಿನ ಸೀನಿಗಿರೋ ಬೆಲಿ ನನ್ನ ಮಾತಿಗಿಲ್ಲ ನೋಡು," ಎಂದರು ಅತ್ತೆ. ಆದರೂ ಓಣಿಗೆಲ್ಲ ಸಕ್ಕರೆ ಹಂಚಿದರು.

ಸೀನು ನಿಲ್ಲಲಿಲ್ಲ. ಮೂಗು ಊದಿಕೊಂಡಿತು, ಉಸಿರು ಗೊರಗೊರ ಎಂದಿತು. ಮಾವ ಅದನ್ನು ಬುಟ್ಟಿಯಲ್ಲಿಟ್ಟು ರೈಲಿನಲ್ಲಿ ಹಗರಿಬೊಮ್ಮನಹಳ್ಳಿಯ ದನದ ಡಾಕ್ಟರ ಬಳಿಗೆ ಒಯ್ದರು. ಜೊತೆಗೆ ನಾನು. ಎಮ್ಮೆ, ಕುರಿಗಳೆಲ್ಲ ಮುಗಿದ ಮೇಲೆ ನಮ್ಮ ಸರದಿ. ಡಾಕ್ಟರು ಅದರ ಸಿಂಬಳವನ್ನು ಗಾಜಿಗೆ ಸವರಿ, ಸೂಕ್ಷ್ಮದರ್ಶಕದಲ್ಲಿ ಬಹಳ ಹೊತ್ತು ನೋಡಿದರು.

"ಮೂಗಿನೊಳಗ ಬೂಷ್ಟು ಬೆಳದೈತ್ರಿ. ನಿಮ್ಮ ಗೋದಾಮಿನಂಗ ಪಾರಿವಾಳದ ಹಿಕ್ಕಿ ಬೀಳೋ ಕಡೆ ಇರ್ತೈತಿ. ನಶ್ಯದ್ದೇನೂ ತಪ್ಪಿಲ್ಲ. ತಿಂಗಳುಗಟ್ಲೆ ಮಾತ್ರಿ ನುಂಗಸ್ಬೇಕು. ಉಳಿತೈತಂತ ಹೇಳಾಕ ಬರಂಗಿಲ್ಲ."

ಮಾವನಿಗೆ ಗೊತ್ತಿದ್ದದ್ದು ಉಪ್ಪಿನಕಾಯಿಯ ಬೂಷ್ಟು ಮಾತ್ರ. ಅದಕ್ಕೆ ಅತ್ತೆ ಮಾಡುವ ಮದ್ದೂ ಗೊತ್ತಿತ್ತು: ಭರಣಿಯ ಬಾಯಿ ಒರೆಸಿ ಬಿಸಿಲಿಗಿಡುವುದು. ಮರುದಿನದಿಂದ ಮಾತ್ರೆ ನುಂಗಿಸಿ, ಮೂಗು ಒರೆಸಿ, ಬೆಕ್ಕನ್ನು ಮಾಳಿಗೆಯ ಮೇಲೆ ಕೂರಿಸತೊಡಗಿದರು. ಅದು ನೆರಳಿಗೆ ಓಡುತ್ತಿತ್ತು, ಇವರು ಎತ್ತಿ ತರುತ್ತಿದ್ದರು. ವಾರದಲ್ಲಿ ಚೆನ್ನಾಗಿ ಒಣಗಿದವರು ಮಾವನೇ.

"ನಶ್ಯದ ತಪ್ಪಿಲ್ಲ ಅಂದಾರಲ್ಲ, ಮತ್ತ ಏರಸ್ರಿ," ಎಂದೆ.

"ಅದರ ಮೂಗು ಬಿಡೋ ತನಕ ನನ್ನ ಮೂಗಿಗೂ ಏನೂ ಬ್ಯಾಡ. ಗುಡಿಯಾಗ ಹರಕಿ ಹೊತ್ತೀನಿ."

ವಾಸನೆ ತಿಳಿಯದ ಬೆಕ್ಕು ಹಾಲನ್ನೂ ಬಿಟ್ಟಿತು. ಮಾವ ಬೆರಳಿಗೆ ಹಾಲು ಅದ್ದಿ ನೆಕ್ಕಿಸುತ್ತಿದ್ದರು. ಯುಗಾದಿ ಕಳೆದ ಒಂದು ಮಧ್ಯಾಹ್ನ ಅದನ್ನು ಬಿಸಿಲಿಗಿಡದೆ, ನೆರಳಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡರು. ಗೊರಗೊರ ಅಲ್ಲಿಯೇ ನಿಂತಿತು.

ಬೇವಿನ ಬುಡದಲ್ಲಿ ಮಣ್ಣು ಮಾಡಿ ಬಂದು ಮಾವ ಕಟ್ಟೆಯ ಮೇಲೆ ಕೂತರು. ಅಷ್ಟು ದಿನ ನಕ್ಕಿದ್ದ ನಾನು ಅವರ ಮಣ್ಣುಗೈಗೆ ನೀರು ಹಾಕಿದೆ. ಅತ್ತೆ ಒಳಗಿನಿಂದ ಆ ಡಬ್ಬಿ ತಂದು, ಮುಚ್ಚಳ ತೆಗೆದು ಅವರ ಮುಂದೆ ಹಿಡಿದರು.

"ಒಂದ್ ಚಿಟಿಕಿ ಏರಸ್ರಿ."

ಏರಿಸಿದರು. ಕಣ್ಣಲ್ಲಿ ನೀರು ಇಳಿಯಿತು.

"ಬಾಳ ಖಾರ ಐತಿ," ಎಂದರು.

"ಹೌದ್ರಿ, ಹೊಸಾದು," ಎಂದರು ಅತ್ತೆ.

ಅದು ಅದೇ ಹಳೆಯ ನಶ್ಯವೆಂದು ಮೂವರಿಗೂ ಗೊತ್ತಿತ್ತು.