ನನ್ನ ಹೆಂಡತಿ ಕುಣಿಯಲು ಕಲಿತದ್ದು ಯಾರ ಜೊತೆ?

ಮದುವೆಯಾಗಿ ಹತ್ತೊಂಬತ್ತು ವರ್ಷ ಕಳೆದ ಮೇಲೆ ಹೆಂಡತಿಯ ಬಗ್ಗೆ ಹೊಸದಾಗಿ ತಿಳಿಯುವಂಥದ್ದು ಏನೂ ಉಳಿದಿರುವುದಿಲ್ಲ ಎಂದು ನಂಬಿರುವ ಗಂಡಸರು ಬಹಳ ಮಂದಿ. ನಾನೂ ಅವರ ಪೈಕಿಯೇ. ಶಾಲಿನಿಯ ಕಾಫಿಗೆ ಎಷ್ಟು ಸಕ್ಕರೆ, ಯಾವ ಮಾತಿಗೆ ಅವಳು ಮೌನ, ಯಾವ ಮೌನಕ್ಕೆ ಎಷ್ಟು ದಿನದ ಆಯುಷ್ಯ, ಎಲ್ಲವೂ ನನಗೆ ಬಾಯಿಪಾಠ. ಒಮಾನ್ ದೇಶದ ಸಲಾಲಾದ ಬಂದರಿನಲ್ಲಿ ಕಂಟೇನರುಗಳ ಕಾಗದಪತ್ರ ನೋಡುವುದು ನನ್ನ ಕೆಲಸ. ಪೆಟ್ಟಿಗೆ ತೆರೆಯದೆಯೇ ಒಳಗೆ ಏನಿದೆ ಎಂದು ಹೇಳಬಲ್ಲೆ ಎಂಬ ಸಣ್ಣ ಜಂಬವೂ ಇತ್ತು. ಆ ಜಂಬ ಕಳೆದ ಆಗಸ್ಟಿನಲ್ಲಿ ನಮ್ಮ ಮನೆಯ ಹಾಲಿನಲ್ಲೇ, ಸೋಫಾವನ್ನು ಗೋಡೆಗೆ ಸರಿಸಿದ ಜಾಗದಲ್ಲಿ, ಪುಡಿಪುಡಿಯಾಯಿತು.

ಕಾರಣ ನಮ್ಮ ಮಗಳು ಮೈತ್ರಿ. ಅವಳು ಇಲ್ಲಿಯ ಇಂಡಿಯನ್ ಶಾಲೆಯಲ್ಲಿ ಹನ್ನೆರಡನೇ ತರಗತಿ, ಮೇಲಾಗಿ ವಿದ್ಯಾರ್ಥಿ ಸಂಘದ ಕಾರ್ಯದರ್ಶಿ. ಆ ಸಂಘಕ್ಕೆ ಈ ವರ್ಷ ಶಾಲೆಯಲ್ಲಿ ‘ಹೋಮ್‌ಕಮಿಂಗ್’ ಮಾಡಬೇಕೆಂಬ ಹುಕಿ ಬಂತು. ಹಾಗೆಂದರೆ ಏನು ಎಂದು ಕೇಳಿದೆ. ಹಳೆಯ ವಿದ್ಯಾರ್ಥಿಗಳೆಲ್ಲ ಶಾಲೆಗೆ ಮರಳಿ ಬರುತ್ತಾರೆ, ಆಮೇಲೆ ಡ್ಯಾನ್ಸ್ ಇರುತ್ತದೆ, ಅಮೆರಿಕದಲ್ಲೆಲ್ಲ ಮಾಡುತ್ತಾರೆ ಎಂದು ಇಂಗ್ಲಿಷಿನಲ್ಲಿ ವಿವರಿಸಿದಳು. ನಮ್ಮ ಕಾಲದಲ್ಲಿ ಶಾಲೆ ಬಿಟ್ಟವರು ಮರಳಿ ಬರುತ್ತಿದ್ದದ್ದು ಟಿ.ಸಿ. ತೆಗೆದುಕೊಳ್ಳಲು ಮಾತ್ರ ಎಂದೆ. ಅವಳು ನಗಲಿಲ್ಲ. ಖರೀಫ್ ಎಂದು ಕರೆಯುವ ಇಲ್ಲಿಯ ಮಳೆಗಾಲದ ತಿಂಗಳುಗಳಲ್ಲಿ ಸಲಾಲಾದ ತುಂತುರು ಮಳೆ ನೋಡಲು ಹೇಗೂ ಅರ್ಧ ಗಲ್ಫ್ ಇಲ್ಲಿಗೆ ಬರುತ್ತದೆ, ಆ ಗುಂಪಿನಲ್ಲಿ ಹಳೆಯ ವಿದ್ಯಾರ್ಥಿಗಳೂ ಇರುತ್ತಾರೆ ಎಂಬುದು ಅವರ ಲೆಕ್ಕಾಚಾರ. ಪ್ರಿನ್ಸಿಪಾಲರು ಒಪ್ಪಿದರು. ಆದರೆ ಒಂದು ಷರತ್ತು ಹಾಕಿದರು. ಹುಡುಗ ಹುಡುಗಿ ಜೋಡಿಯಾಗಿ ಕುಣಿಯುವಂತಿಲ್ಲ. ಜೋಡಿ ಬೇಕೇ ಬೇಕೆಂದರೆ ಅಪ್ಪನನ್ನೋ ಅಮ್ಮನನ್ನೋ ಕರೆತರಬೇಕು. ಈ ಸುತ್ತೋಲೆ ಓದಿದ ಮೇಲೆ ಹನ್ನೆರಡನೇ ತರಗತಿಯ ಉತ್ಸಾಹ ಅರ್ಧಕ್ಕಿಳಿಯಿತಂತೆ.

ಮೈತ್ರಿ ಕಾರ್ಯದರ್ಶಿಯಾದ್ದರಿಂದ ತಪ್ಪಿಸಿಕೊಳ್ಳುವಂತಿರಲಿಲ್ಲ. ಒಂದು ಶುಕ್ರವಾರ ಸಂಜೆ ಸೋಫಾ ಸರಿಸಿ, ಫೋನಿನಲ್ಲಿ ಹಾಡು ಹಾಕಿ, ನನ್ನನ್ನು ಎಬ್ಬಿಸಿ ನಿಲ್ಲಿಸಿದಳು. ಒಂದು, ಎರಡು, ಮೂರು ಎಂದು ಎಣಿಸಿಕೊಂಡು ಹೆಜ್ಜೆ ಹಾಕುವ ವಾಲ್ಟ್ಸ್ ಎಂಬ ಕುಣಿತ ಅದು. ನಾಲ್ಕು ಎಂಬ ಅಂಕಿಯೇ ಅದರಲ್ಲಿ ಇಲ್ಲವೆಂದು ನನಗೆ ತಿಳಿಯುವಷ್ಟರಲ್ಲಿ ಮಗಳ ಕಾಲನ್ನು ಆರು ಬಾರಿ ತುಳಿದಿದ್ದೆ. ಖರೀಫ್‌ನಲ್ಲಿ ಬಟ್ಟೆ ಹೊರಗೆ ಒಣಗುವುದಿಲ್ಲವಲ್ಲ, ಶಾಲಿನಿ ಮೂಲೆಯಲ್ಲಿ ಕುರ್ಚಿಗಳ ಮೇಲೆ ಒದ್ದೆ ಬಟ್ಟೆ ಹರವುತ್ತಿದ್ದಳು. ಸ್ವಲ್ಪ ಹೊತ್ತು ನಮ್ಮನ್ನು ನೋಡಿ, ಕೈಯಲ್ಲಿದ್ದ ಟವೆಲು ಕೆಳಗಿಟ್ಟಳು. “ನೀವು ಸ್ವಲ್ಪ ಆಚೆ ನಿಲ್ಲಿ,” ಎಂದು ನನ್ನನ್ನು ಬದಿಗೆ ಸರಿಸಿ, ಮಗಳ ಬೆನ್ನಿಗೆ ಒಂದು ಕೈ ಕೊಟ್ಟು, ಇನ್ನೊಂದು ಕೈಯಿಂದ ಅವಳ ಕೈ ಹಿಡಿದು ಹೊರಟಳು. ಹೊರಟಳು ಎಂದೇ ಹೇಳಬೇಕು, ದೋಣಿ ಹೊರಟ ಹಾಗಿತ್ತು. ಟೀಪಾಯಿಗೆ ತಾಗದೆ, ಒದ್ದೆ ಬಟ್ಟೆಗೆ ಸೋಕದೆ, ಇಡೀ ಹಾಲನ್ನು ಸುತ್ತಿ, ಕಿಟಕಿಯ ಹತ್ತಿರ ಮಗಳನ್ನು ಬುಗುರಿಯಂತೆ ತಿರುಗಿಸಿ ಮರಳಿ ತಂದು ನಿಲ್ಲಿಸಿದಳು. ಮೈತ್ರಿ ಬಾಯಿ ತೆರೆದು ನಿಂತಿದ್ದಳು. ನಾನೂ ಅಷ್ಟೆ. ಎಲ್ಲಿ ಕಲಿತೆ ಎಂದು ಕೇಳಿದರೆ, ಶಾಲೆಯಲ್ಲಿ ಸ್ವಲ್ಪ ಹೇಳಿಕೊಟ್ಟಿದ್ದರು ಎಂದು ಹೇಳಿ ಮತ್ತೆ ಟವೆಲು ಕೈಗೆತ್ತಿಕೊಂಡಳು.

ಅಂದಿನಿಂದ ನನಗೆ ನಿದ್ದೆ ಕಡಿಮೆಯಾಯಿತು. ಅಸೂಯೆ ಅನ್ನಬೇಡಿ, ಬರೀ ಕುತೂಹಲ. ಈ ಕುಣಿತ ಒಬ್ಬರೇ ಕಲಿಯುವಂಥದ್ದಲ್ಲ. ಎದುರಿಗೆ ಇನ್ನೊಬ್ಬರು ಬೇಕು. ಮಂಗಳೂರಿನ ಹೈಸ್ಕೂಲಿನಲ್ಲಿ ಶಾಲಿನಿಯ ಎದುರಿಗಿದ್ದವರು ಯಾರು? ಎರಡು ದಿನ ಬಿಟ್ಟು ಅವಳು ಮಂಗಳೂರಿನ ಅಕ್ಕನ ಜೊತೆ ಫೋನಿನಲ್ಲಿ ಮಾತಾಡುತ್ತ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮಾತು ತುಳುವಿನಲ್ಲಿ. ನಾನು ನಂಜನಗೂಡಿನವನು, ಇಷ್ಟು ವರ್ಷಗಳಲ್ಲಿ ತುಳುವಿನಲ್ಲಿ ಊಟವಾಯಿತೇ ಎಂದು ಕೇಳುವುದಷ್ಟನ್ನೇ ಕಲಿತ ಸೋಮಾರಿ. ಅದಕ್ಕೆ ದಂಡ ತೆರುವ ದಿನ ಬಂದಿತ್ತು. ಬಾಗಿಲ ಮರೆಯಲ್ಲಿ ನಿಂತ ನನಗೆ ಗುರುತು ಸಿಕ್ಕಿದ್ದು ಎರಡೇ ಪದ: ‘ವಿನ್ನಿ’ ಮತ್ತು ‘ಕಾರ್’. ವಿನ್ಸೆಂಟ್ ಎಂಬವನನ್ನು ವಿನ್ನಿ ಎನ್ನುತ್ತಾರೆ. ಹೈಸ್ಕೂಲಿನಲ್ಲೇ ಅವನಿಗೆ ಕಾರೂ ಇತ್ತು. ಆ ವಯಸ್ಸಿನಲ್ಲಿ ನನಗೆ ಬಾಡಿಗೆ ಸೈಕಲ್ಲಿಗೂ ಅಪ್ಪನ ಅನುಮತಿ ಬೇಕಿತ್ತು.

ನಮ್ಮ ಕಟ್ಟಡದ ಕೆಳಗೆ ಇಕ್ಬಾಲ್ ಎಂಬ ಬ್ಯಾರಿಯವರ ದಿನಸಿ ಅಂಗಡಿ. ಬಂಟ್ವಾಳದ ಕಡೆಯವರು, ಅವರಿಗೆ ತುಳು ನೀರು ಕುಡಿದಷ್ಟು ಸುಲಭ. ಕೊತ್ತಂಬರಿ ಸೊಪ್ಪು ಆರಿಸುವ ನೆಪದಲ್ಲಿ, ನನ್ನ ಸ್ನೇಹಿತರೊಬ್ಬರ ಸಮಸ್ಯೆ ಎಂದು ಹೇಳಿ, ಆ ಎರಡು ಪದಗಳನ್ನು ಅವರ ಮುಂದಿಟ್ಟೆ. ಇಕ್ಬಾಲ್ ತಕ್ಕಡಿಯಿಂದ ತಲೆ ಎತ್ತದೆ ಹೇಳಿದರು: “ತುಳುವಿನಲ್ಲಿ ಕಾರ್ ಅಂದ್ರೆ ಕಾಲು ಸಾರ್. ವಾಹನ ಅಲ್ಲ.” ಆ ಸ್ನೇಹಿತರು ಸೀದಾ ಹೆಂಡತಿಯನ್ನೇ ಕೇಳುವುದು ಒಳ್ಳೆಯದು ಎಂದೂ ಸೇರಿಸಿದರು. ನಾನು ಅಗತ್ಯವಿಲ್ಲದ ಮೂರು ಕಟ್ಟು ಕೊತ್ತಂಬರಿ ಹಿಡಿದು ಮೆಟ್ಟಿಲು ಹತ್ತಿದೆ. ಕಾರು ಹೋಯಿತು, ನಿಜ. ಆದರೆ ವಿನ್ನಿಯ ಕಾಲು ಇನ್ನೂ ಉಳಿದಿತ್ತು.

ಕೊನೆಗೆ ಕೇಳಿಯೇಬಿಟ್ಟೆ. ಶಾಲಿನಿ ಬಟ್ಟೆ ಮಡಚುತ್ತಿದ್ದಳು. ವಿನ್ನಿ ಯಾರು ಎಂದದ್ದಕ್ಕೆ ನನ್ನ ಮುಖವನ್ನೇ ನೋಡಿದಳು, ಆಮೇಲೆ ಹಾಸಿಗೆಯ ಮೇಲೆ ಕುಳಿತು ನಕ್ಕಳು. ವಿನ್ನಿ ಎಂದರೆ ವಿನಿಫ್ರೆಡ್. ಜಡೆ ಹಾಕಿಕೊಂಡು ಎದುರು ಬೆಂಚಿನಲ್ಲಿ ಕೂರುತ್ತಿದ್ದ ಹುಡುಗಿ. ಅದು ಕಾನ್ವೆಂಟಿನ ಹೆಣ್ಣುಮಕ್ಕಳ ಶಾಲೆ; ವಾರ್ಷಿಕೋತ್ಸವಕ್ಕೆ ಸಿಸ್ಟರು ಜೋಡಿ ಕುಣಿತ ಕಲಿಸಿದಾಗ ಎತ್ತರದ ಹುಡುಗಿಯರನ್ನೆಲ್ಲ ಗಂಡುಗಳನ್ನಾಗಿ ಮಾಡಿದ್ದರಂತೆ. ಶಾಲಿನಿ ತರಗತಿಗೇ ಎತ್ತರ. ಮೂರು ವರ್ಷ ಅಣ್ಣನ ಪ್ಯಾಂಟು ಹಾಕಿ, ಕಾಡಿಗೆಯಲ್ಲಿ ಮೀಸೆ ಬರೆದುಕೊಂಡು, ವಿನ್ನಿಯ ಕಾಲು ತುಳಿಯುತ್ತ ಕುಣಿದಿದ್ದಳು. ಇಷ್ಟು ದಿನ ಏಕೆ ಹೇಳಲಿಲ್ಲ ಎಂದರೆ, ಸಂಬಂಧ ನೋಡಲು ಬಂದಾಗ ನನ್ನ ಅಮ್ಮ ಆಲ್ಬಮ್ಮಿನಲ್ಲಿ ಮೀಸೆಯ ಸೊಸೆಯನ್ನು ಕಂಡು ಎದ್ದುಹೋದಾರೆಂದು ಶಾಲಿನಿಯ ಅಮ್ಮ ಆ ಫೋಟೋಗಳನ್ನು ಬೀರುವಿನ ತಳಕ್ಕೆ ಸೇರಿಸಿದ್ದರು. ಆಮೇಲೆ ಹೇಳುವ ಸಂದರ್ಭ ಬರಲಿಲ್ಲ, ನಾನೂ ಕೇಳಲಿಲ್ಲ.

ನಾನೂ ನಗುತ್ತಿದ್ದೆ. ಆಗ ಅವಳು ಕೈಯಲ್ಲಿದ್ದ ನನ್ನ ಅಂಗಿಯ ಕಾಲರು ಸರಿಮಾಡುತ್ತ ಹೇಳಿದಳು: “ವಿನ್ನಿಗೆ ನೀಲಿ ಫ್ರಾಕ್ ಇತ್ತು. ತಿರುಗುವಾಗ ಅದು ಕೊಡೆ ಹಾಗೆ ಅರಳ್ತಿತ್ತು. ಮೂರು ವರ್ಷ ನಾನೇ ಎಲ್ಲರನ್ನು ತಿರುಗಿಸಿದ್ದು. ನನ್ನನ್ನು ಒಂದು ಸಲವೂ ಯಾರೂ ತಿರುಗಿಸ್ಲಿಲ್ಲ.” ಇದನ್ನು ಅವಳು ದೂರಿನ ಹಾಗೆ ಹೇಳಲಿಲ್ಲ. ಅಂಗಿ ಮಡಚಿ ಬದಿಗಿಟ್ಟು ಮುಂದಿನದನ್ನು ಕೈಗೆತ್ತಿಕೊಂಡಳು.

ಮರುದಿನದಿಂದ ಆಫೀಸಿನ ಊಟದ ವಿರಾಮದಲ್ಲಿ ಬಾಗಿಲು ಹಾಕಿಕೊಂಡು ನಾನು ಗಂಡು ಹೆಜ್ಜೆ ಕಲಿಯತೊಡಗಿದೆ. ಜೋಡಿಯಾಗಿ ನನ್ನ ತಿರುಗುವ ಕುರ್ಚಿ. ಅದರ ಬೆನ್ನಿಗೆ ಕೈ ಕೊಟ್ಟು, ಒಂದು ಎರಡು ಮೂರು ಎಂದು ಮೇಜಿನ ಸುತ್ತ ಕರೆದೊಯ್ದು, ಕಿಟಕಿಯ ಹತ್ತಿರ ತಿರುಗಿಸುತ್ತಿದ್ದೆ. ಕುರ್ಚಿ ಎಂದೂ ಎದುರಾಡಲಿಲ್ಲ. ಒಂದು ಮಧ್ಯಾಹ್ನ ನಮ್ಮ ಒಮಾನಿ ಮ್ಯಾನೇಜರು ಬಾಗಿಲು ತೆರೆದರು, ಒಂದು ಪೂರ್ತಿ ಸುತ್ತು ನೋಡಿದರು, ಕುರ್ಚಿ ಕೆಟ್ಟಿದೆಯೇ ಎಂದು ಮೃದುವಾಗಿ ಕೇಳಿದರು. ಸ್ವಲ್ಪ ಎಂದೆ. ಎರಡು ದಿನದಲ್ಲಿ ಹೊಸ ಕುರ್ಚಿ ಬಂತು. ಅದು ತಿರುಗುತ್ತಿರಲಿಲ್ಲ.

ಹೋಮ್‌ಕಮಿಂಗ್ ದಿನ ಸಂಜೆ ನಾಲ್ಕಕ್ಕೇ ಶಾಲೆಯ ಸಭಾಂಗಣ ತುಂಬಿತ್ತು. ಇಲ್ಲಿ ಮನೆ ಎನ್ನುವುದು ಅಪ್ಪನ ವೀಸಾ ಇರುವಷ್ಟು ದಿನ ಮಾತ್ರ. ಅದು ಮುಗಿದ ಮೇಲೆ ಮಕ್ಕಳಿಗೆ ಮರಳಿ ಬರಲು ಉಳಿಯುವುದು ಈ ಶಾಲೆಯೊಂದೇ ಎಂದು ನನಗೆ ಹೊಳೆದದ್ದು ಅಂದು. ದುಬೈಯಿಂದ ಕಾರು ಓಡಿಸಿಕೊಂಡು ಬಂದಿದ್ದ ಒಬ್ಬ ಯುವಕ ಹೊಸ ಹೆಂಡತಿಗೆ ಕಾರಿಡಾರಿನ ನೀರಿನ ನಲ್ಲಿಯನ್ನು ಅರಮನೆ ತೋರಿಸುವ ಹಾಗೆ ತೋರಿಸುತ್ತಿದ್ದ. ಭಾಷಣಗಳಾದವು. ಮೈತ್ರಿ ಅಮ್ಮನ ಜೊತೆ ಕುಣಿದಳು, ಚಪ್ಪಾಳೆ ಬಂತು. ಆಮೇಲೆ ಕೊನೆಯ ಹಾಡು ಅಪ್ಪ ಅಮ್ಮಂದಿರಿಗೆ ಎಂದು ಮೈಕಿನಲ್ಲಿ ಹೇಳಿದರು. ನಾನು ಎದ್ದು ಶಾಲಿನಿಯ ಮುಂದೆ ಕೈ ಚಾಚಿದೆ. ಮೈತ್ರಿ ಬೇಡ ಎಂಬಂತೆ ಕಣ್ಣಲ್ಲೇ ಬೇಡಿಕೊಂಡಳು.

ಮೊದಲಿಗೆ ಇಬ್ಬರೂ ಒಟ್ಟಿಗೆ ಮುಂದೆ ಹೆಜ್ಜೆ ಇಟ್ಟೆವು, ಮೊಣಕಾಲಿಗೆ ಮೊಣಕಾಲು ಬಡಿಯಿತು. ಇವತ್ತು ನಾನು ತಿರುಗಿಸುತ್ತೇನೆ ಎಂದು ಅವಳ ಕಿವಿಯಲ್ಲಿ ಹೇಳಿದೆ. ಅವಳು ತಟ್ಟನೆ ನಿಂತು ನನ್ನನ್ನು ನೋಡಿದಳು, ಹೆಜ್ಜೆ ಬದಲಿಸಿಕೊಂಡಳು. ಅರ್ಧ ಸಭಾಂಗಣ ಸರಿಯಾಗಿಯೇ ದಾಟಿದೆವು. ವೇದಿಕೆಯ ಹತ್ತಿರ ಬಂದಾಗ ಕೈ ಎತ್ತಿದೆ. ನಾನು ಅವಳಿಗಿಂತ ಎರಡು ಬೆರಳು ಗಿಡ್ಡ. ಕುರ್ಚಿಯ ಜೊತೆ ಈ ತೊಂದರೆ ಬಂದಿರಲಿಲ್ಲ. ಕೈ ಅವಳ ತುರುಬಿಗೆ ಸಿಕ್ಕಿತು. ಅವಳೇ ಸ್ವಲ್ಪ ಬಗ್ಗಿ ಕೈಯ ಕೆಳಗೆ ನುಸುಳಿ ಪೂರ್ತಿ ಒಂದು ಸುತ್ತು ತಿರುಗಿದಳು. ಹಸಿರು ಸೀರೆ ಅರಳಲಿಲ್ಲ, ಸೀರೆ ಅರಳುವುದಿಲ್ಲ. ಆದರೆ ಮುಖ ಅರಳಿತ್ತು. ಇನ್ನೊಮ್ಮೆ ಎಂದಳು. ಇನ್ನೊಮ್ಮೆ ತಿರುಗಿಸಿದೆ. ಹತ್ತೊಂಬತ್ತು ವರ್ಷದಲ್ಲಿ ಒಂದು ಸರಿಯಾದ ಕೆಲಸ ಮಾಡಿದೆನೆಂದು ಎದೆ ಉಬ್ಬಿಸಿ, ಹೇಗಿತ್ತು ಎಂದು ಕೇಳಿದೆ.

“ಚೆಂದ ಉಂಟು,” ಎಂದಳು ಶಾಲಿನಿ. “ಆದ್ರೆ ತಲೆ ಸುತ್ತುತ್ತದೆ ಮಾರಾಯ್ರೆ. ಸಾಕು. ಬನ್ನಿ, ಇನ್ನು ನಾನೇ ಕರ್ಕೊಂಡು ಹೋಗ್ತೇನೆ.” ನಾನು ಬಾಯಿ ತೆರೆಯುವ ಮೊದಲೇ ಅವಳ ಕೈ ನನ್ನ ಬೆನ್ನಿಗೆ ಬಂದಿತ್ತು. ಮಗಳ ಸಹಪಾಠಿಗಳು, ಅವರ ಅಪ್ಪ ಅಮ್ಮಂದಿರು, ಪ್ರಿನ್ಸಿಪಾಲರು, ದುಬೈಯ ಯುವಕ ಎಲ್ಲರೂ ನೋಡುತ್ತಿರುವಂತೆ ಐವತ್ತು ಮುಟ್ಟಲಿರುವ ನಾನು ಸಭಾಂಗಣದ ನಡುವೆ ಗಿರ್ರನೆ ತಿರುಗಿದೆ. ಮೈತ್ರಿ ಮುಖ ಮುಚ್ಚಿಕೊಂಡಳು. ಮೊದಲ ಸುತ್ತಿಗೆ ನಾಚಿಕೆಯಾಯಿತು, ಎರಡನೆಯದಕ್ಕೆ ಗಾಬರಿ. ಮೂರನೆಯ ಸುತ್ತಿನ ಹೊತ್ತಿಗೆ ಎಲ್ಲಿಗೆ ಹೋಗಬೇಕು ಎಂಬ ಯೋಚನೆಯೇ ನನ್ನದಲ್ಲ ಎಂಬುದು ಎಷ್ಟು ಹಗುರ ಅನ್ನಿಸಿತೆಂದರೆ, ಹಾಡು ನಿಂತದ್ದೂ ನನಗೆ ತಿಳಿಯಲಿಲ್ಲ. ಶಾಲಿನಿ ಕೈ ಬಿಟ್ಟು ಕುರ್ಚಿಯ ಕಡೆಗೆ ನಡೆದಿದ್ದಳು. ನಾನೊಬ್ಬನೇ ಕೈ ಮೇಲೆತ್ತಿಕೊಂಡು, ಇನ್ನೊಂದು ಸುತ್ತು ತಿರುಗಿಸಲಿ ಎಂದು ಕಾಯುತ್ತ ನಿಂತಿದ್ದೆ.